ಗಿಡ್ಡ ಸ್ಪ್ರಿಂಗುಗಳು

ಶಲವಡಿಯ ಮಡಿವಾಳೆಪ್ಪನವರು ತೀರಿಕೊಂಡ ಮೇಲೆ ಅವರ ಕೆಂಪು ಟ್ರಯಂಫ್ ಕಾರು ಹತ್ತಿಚೀಲಗಳ ಅಡಿಯಲ್ಲೇ ಬಿದ್ದಿತ್ತು. ಎರಡೇ ಸೀಟಿನ, ಕಪ್ಪೆಯ ಹಾಗೆ ನೆಲಕ್ಕೆ ಅಂಟಿಕೊಂಡು ಓಡುವ ಆ ಹಳೆಯ ಗಾಡಿಯನ್ನು ಊರವರು ‘ಕೆಂಪು ಕಪ್ಪಿ’ ಎಂದು ಕರೆಯುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಮಗ ಸಂಗನಬಸವ ತಂಗಿ ರೋಹಿಣಿಗೆ ಫೋನು ಮಾಡಿದ. ಆಕೆ ಅಣ್ಣಿಗೇರಿಯಲ್ಲಿ ಗಣಿತದ ಶಿಕ್ಷಕಿ.

“ಅಪ್ಪನ ಗಾಡಿ ಎಬ್ಬಸೂಣು ಬಾರವಾ. ನಿನ್ನ ಬಿಟ್ರ ಅದರ ಕೀಲು ಯಾರಿಗೆ ಗೊತ್ತೈತಿ?”

ಅಪ್ಪನ ಜೊತೆ ಅದೇ ಕಾರಿನ ಕೆಳಗೆ ಮಲಗಿ ಕೆಲಸ ಕಲಿತವಳು ರೋಹಿಣಿ. ರವಿವಾರ ಬಂತೆಂದರೆ ಬಸ್ಸು ಹಿಡಿದು ತವರಿಗೆ ಬರತೊಡಗಿದಳು. ಕೀಲುಗಳ ನಡುವಿನ ರಬ್ಬರ್ ಬುಷ್‌ಗಳು ಹಳೇ ಬೆಲ್ಲದಂತೆ ಪುಡಿಯಾಗಿದ್ದವು. ಕುಲುಕು ತಡೆಯುವ ಶಾಕಪ್‌ಗಳಿಂದ ಎಣ್ಣೆ ಸೋರಿ ಹೋಗಿತ್ತು. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಹೊಯ್ದು ಅಣ್ಣ ಹಿಡಿದುಕೊಳ್ಳುತ್ತಿದ್ದ, ಆಕೆ ಪಾನಾ ತಿರುವುತ್ತಿದ್ದಳು. ಅವ್ವ ಮಹಾದೇವಕ್ಕ ಅಲ್ಲಿಗೇ ರೊಟ್ಟಿ ತಂದುಕೊಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅಣ್ಣ-ತಂಗಿ ಹೊಟ್ಟೆ ತುಂಬ ನಕ್ಕಿದ್ದರು.

“ಎರಿ ಮಣ್ಣಿನ ರಸ್ತಾ ನಮ್ಮದು. ಸ್ಪ್ರಿಂಗ್ ಎತ್ತರದ್ವು, ಮೆತ್ತಗಿನ್ವು ತರಸಣ್ಣಾ,” ಎಂದಿದ್ದಳು ರೋಹಿಣಿ. “ಅವ್ವನ್ನ ಬಾಜೂಕ ಕೂಡಿಸ್ಕೊಂಡು ನವಲಗುಂದಕ್ಕ ಹೋಗಿ ಬರ್ತೀನಿ.”

“ಆತು ತಗೊ,” ಎಂದಿದ್ದ ಅವನು.

ಮುಂದಿನ ರವಿವಾರ ಬಂದಾಗ ಸ್ಪ್ರಿಂಗ್, ಶಾಕಪ್ ಎಲ್ಲ ಹಾಕಿ ಆಗಿತ್ತು. “ನಿನಗ್ಯಾಕ ತ್ರಾಸಂತ ನಾನ ಹಾಕಿಸೀನಿ,” ಎಂದ ಸಂಗನಬಸವ. ರೋಹಿಣಿ ಹೊಸ ಬುಷ್‌ಗಳನ್ನು ಕೂಡಿಸಿ ಜಾಕ್ ಇಳಿಸಿದಳು. ಕಾರು ಕೆಳಗೆ ಕೂತಿತು, ಮೊದಲಿಗಿಂತಲೂ ಕೆಳಗೆ. ಬಾನೆಟ್ಟಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಗಾಡಿ ಅಲುಗಲಿಲ್ಲ.

“ಇವು ಗಿಡ್ಡ ಸ್ಪ್ರಿಂಗ್. ರೇಸಿನ್ವು,” ಎಂದಳು. “ತಳಾ ನೆಲಕ್ಕ ಬಡದು ಈ ಗಾಡಿ ನಮ್ಮ ಊರ ಅಗಸಿ ಬಾಗಲಾ ಸೈತ ದಾಟೂದಿಲ್ಲ. ಯಾರ ಸಲುವಾಗಿ ಹಾಕಿಸೀಯಣ್ಣಾ?”

ಸಂಗನಬಸವ ಕೈ ಒರೆಸುತ್ತ ನಿಂತ. “ಪುಣೆಯಾವ ಒಬ್ಬ ತಗೊಳ್ಳಾಕ ಕೇಳಿದ್ದ. ಗುಡ್ಡದ ರೇಸಿಗೆ ಒಯ್ತಾನಂತ.”

“ಯಾವಾಗ ಮಾತು ಕೊಟ್ಟಿ?”

“ದೀಪಾವಳಿಗೆ.”

ದೀಪಾವಳಿ. ಅವನು ಫೋನು ಮಾಡುವುದಕ್ಕೂ ಮೊದಲು. ಹಾಗಾದರೆ ಆ ನಗು, ಆ ರೊಟ್ಟಿ, ‘ಅಪ್ಪನ ಗಾಡಿ’ ಎಂಬ ಮಾತು? ರೋಹಿಣಿ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದಳು.

ಮಹಾದೇವಕ್ಕ ಸೆರಗು ಸರಿಮಾಡಿಕೊಂಡಳು. “ನಾನೂ ಹೂಂ ಅಂದಿದ್ದೆ ಬೇ. ಹೇಳಿದ್ರ ನೀ ಕೆಲಸಕ್ಕ ಬರತಿದ್ದಿಲ್ಲ.”

ರೋಹಿಣಿಗೆ ಪಾನಾ ಅಲ್ಲೇ ಒಗೆದು ಹೊರಟುಬಿಡಬೇಕೆನಿಸಿತು. ಆದರೆ ಬುಷ್‌ನ ಬೋಲ್ಟುಗಳನ್ನು ಗಾಡಿ ನೆಲಕ್ಕೆ ಕೂತ ಮೇಲೇ ಬಿಗಿಯಬೇಕು; ಅವಿನ್ನೂ ಸಡಿಲವಾಗಿದ್ದವು. ಯಾವನೋ ಗುರುತಿಲ್ಲದವನು ಇದರಲ್ಲಿ ಗುಡ್ಡ ಹತ್ತುತ್ತಾನೆ. ಮತ್ತೆ ಕಾರಿನ ಅಡಿಗೆ ನುಸುಳಿ, ಒಂದೊಂದನ್ನೇ ಕೈಸೋಲುವಷ್ಟು ಬಿಗಿದಳು. ಅಣ್ಣ ದೀಪ ಹಿಡಿಯಲು ಬಂದ.

“ಸರೀ ಅತ್ತಾಗ,” ಎಂದಳು.

ಕೈ ತೊಳೆಯದೆ, ಊಟ ಮಾಡದೆ ಬಸ್ಸು ಹತ್ತಿದಳು.

ಮಳೆಗಾಲ ಕಳೆದ ಮೇಲೆ ಸಂಗನಬಸವ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಘಟ್ಟದ ತಿರುವಿನಲ್ಲಿ ಕೆಂಪು ಕಾರು ಒಂದಿಷ್ಟೂ ವಾಲದೆ ಹಾದುಹೋಯಿತು. ಕೆಳಗೆ, ‘ಎಲ್ಲಾ ನಿನ್ನ ಕೈಗುಣ, ತಂಗಿ’ ಎಂದು ಬರೆದಿದ್ದ.

ರೋಹಿಣಿ ಅದನ್ನು ಎರಡು ಸಲ ನೋಡಿದಳು. ರವಿವಾರದ ಬಸ್ಸು ಶಲವಡಿಗೆ ಹೋಗುತ್ತಲೇ ಇದೆ, ಆಕೆ ಹತ್ತುವುದಿಲ್ಲ.