ಇಬ್ಬರ ಭಾರ

"ಹತ್ತೋ ಬೇವರ್ಸಿ! ನಿಮ್ಮಪ್ಪ ಬಂದು ಕೆರೀತಾನಾ ತುಕ್ಕು?"

ತುಕ್ಕಮ್ಮನ ತಮ್ಮನ ಬೆನ್ನಿಗೆ ಮೇಸ್ತ್ರಿಯ ಸರಳು ಬಿದ್ದ ಸದ್ದು, ಸೇತುವೆಯ ಮೇಲೆ ಓಡುವ ಲಾರಿಗಳ ಗದ್ದಲದಲ್ಲೂ ಅವಳಿಗೆ ಕೇಳಿತು. ಹದಿನೈದು ವರ್ಷ ಸೇತುವೆಗಳ ತುಕ್ಕು ಕೆರೆದು ಅಂಟಿದ ಹೆಸರು ಅದು. ಹೆತ್ತವರು ಇಟ್ಟದ್ದು ಅವಳಿಗೇ ಮರೆತುಹೋಗಿತ್ತು. ಸೇತುವೆಯ ಹೊಟ್ಟೆಗೆ ನೇತುಹಾಕಿದ್ದ ಕಬ್ಬಿಣದ ಕಿರುದಾರಿಯ ಮೇಲೆ ಆಗಲೇ ಐದು ಜನ, ತುಕ್ಕು ಉಜ್ಜಲು ತಂದ ಎಂಟು ಮರಳಿನ ಚೀಲ.

"ಅಲ್ಲಾಡ್ತಿದೆ ಅಣ್ಣಾ," ಎಂದ ತಮ್ಮ.

"ಅಲ್ಲಾಡ್ತಿರೋದು ನಿನ್ ತೊಡೆ. ಹೋಗಲೇ!"

ಇನ್ನೊಂದು ಏಟು. ಕಿವಿಯ ಹಿಂದೆ ಚರ್ಮ ಒಡೆದು ರಕ್ತ ಇಳಿಯಿತು. ತಮ್ಮ ಕಾಲಿಟ್ಟ. ನಾಲ್ಕು ಹೆಜ್ಜೆ ನಡೆದಿರಬೇಕು, ಕಿರುದಾರಿಯನ್ನು ಮೇಲಿಂದ ಹಿಡಿದಿದ್ದ ತೂಗುಸರಳು ಕಿತ್ತು ಬಂತು. ಐವರು ಕಂಬಿ ಹಿಡಿದು ಜೋತುಬಿದ್ದರು. ಅವನು ಕೆಳಗಿನ ಬಂಡೆಗೆ ಬಿದ್ದ. ತುಕ್ಕಮ್ಮ ಇಳಿದು ಹೋಗಿ ಮಗುಚಿ ನೋಡಿದರೆ ಮುಖ ಅನ್ನುವುದೇ ಇರಲಿಲ್ಲ. ಚೆಲ್ಲಿದ್ದನ್ನು ಬರಿಗೈಯಲ್ಲೇ ಬಾಚಿ ಬಟ್ಟೆಗೆ ಹಾಕಿಕೊಂಡಳು.

ಮರುದಿನ ಎಂಜಿನಿಯರ್ ಬಂದ. ಸೇತುವೆಯ ಕಂಬದ ತಲೆಯ ಕಟ್ಟೆಯ ಮೇಲೆ, ಮುರಿಯದೆ ಉಳಿದ ಆಚೆ ಬದಿಯ ಕಿರುದಾರಿಯ ಬಾಯಲ್ಲೇ ನಿಂತು ನಕ್ಷೆ ಬಿಡಿಸಿದ.

"ಇದರ ಮೇಲೆ ಒಂದು ಸಲಕ್ಕೆ ಇಬ್ಬರೇ. ಇಲ್ಲೇ ಬರೆದಿದೆ. ದನಗಳ ಥರ ಆರು ಜನ ಯಾಕ್ರೀ ಹತ್ತಿದ್ರಿ?"

"ನಮಗ್ಯಾವತ್ತು ತೋರಿಸಿದ್ರಿ ಸಾರ್ ಅದನ್ನ? ಇಬ್ಬರೇ ಅಂತ ಯಾಕೆ ಲೆಕ್ಕ ಹಿಡಿದ್ರಿ?" ಎಂದಳು ತುಕ್ಕಮ್ಮ.

"ಟಾರ್ಚ್ ಹಿಡಿದು ನೋಡ್ಕೊಂಡು ಹೋಗೋರಿಗೆ ಅಷ್ಟು ಸಾಕು. ಕೆಲಸದವರ ಭಾರ, ಚೀಲದ ಭಾರ ಎಲ್ಲ ಸೇರಿಸಿದ್ರೆ ಕಬ್ಬಿಣ ಎರಡರಷ್ಟು ಬೇಕಾಗ್ತಿತ್ತು. ಮೇಲಿನವರು ಒಪ್ತಿರಲಿಲ್ಲ."

"ಮತ್ತೆ ತುಕ್ಕು ಕೆರೆಯೋರು ಗಾಳೀಲಿ ನಿಲ್ಲಬೇಕಿತ್ತಾ?"

ಮೇಸ್ತ್ರಿ ಅವಳ ಕೂದಲು ಹಿಡಿದು ಬಗ್ಗಿಸಿದ. "ಬಾಯಿ ಮುಚ್ಚೇ ರಂಡೆ. ಬೇಡ ಅಂದ್ರೂ ಅವನೇ ಹತ್ತಿದ ಅಂತ ಬರೆಸಿದೀನಿ. ಒತ್ತು ಹೆಬ್ಬೆಟ್ಟು." ಅವಳ ಎಡಗೈಯನ್ನು ಶಾಯಿ ಡಬ್ಬಿಗೆ ಅದುಮಿದ.

ಅವಳ ಬಲಗೈಯಲ್ಲಿ ತುಕ್ಕು ಬಡಿಯುವ ಸುತ್ತಿಗೆ ಇತ್ತು. ಮೇಸ್ತ್ರಿಯ ಮುಂಗೈ ಮೂಳೆ ಲಟಕ್ಕೆಂದಿತು. ಎರಡನೆಯ ಏಟಿಗೆ ಬಾಯಿ ಒಡೆದು, ಹಲ್ಲು ಉಗುಳುತ್ತ ಕುಸಿದ. ಓಡಲು ತಿರುಗಿದ ಎಂಜಿನಿಯರನ ಕೊರಳಪಟ್ಟಿಗೆ ಕೈಹಾಕಿ, ದರದರನೆ ಎಳೆದುಕೊಂಡು ಕಿರುದಾರಿಯ ನಡುಮಧ್ಯಕ್ಕೆ ಹೋದಳು. ಕಬ್ಬಿಣ ನರಳಿತು. ಅವನು ಕಂಬಿ ತಬ್ಬಿಕೊಂಡು ಕೂತುಬಿಟ್ಟ.

"ಬಿಡು ತಾಯಿ, ಮಕ್ಕಳೊಂದಿಗ ನಾನು!"

"ಈಗ ಇಬ್ಬರಾದ್ವಿ, ಅಲ್ವಾ ಸಾರ್?" ತುಕ್ಕಮ್ಮ ಕಟ್ಟೆಯ ಮೇಲೆ ನೆರೆದಿದ್ದ ಜೊತೆಕೆಲಸದ ಹೆಂಗಸರ ಕಡೆ ತಿರುಗಿ ಕೂಗಿದಳು. "ಬನ್ರೇ! ಚೀಲಾನೂ ತನ್ನಿ!"

ಯಾರೂ ಮಿಸುಕಲಿಲ್ಲ. ಆಮೇಲೆ, ಅವರ ನಡುವಿಂದ ತಮ್ಮನ ಹೆಂಡತಿ ಮರಳಿನ ಚೀಲವೊಂದನ್ನು ಹೆಗಲಿಗೇರಿಸಿ ಕಿರುದಾರಿಗೆ ಕಾಲಿಟ್ಟಳು.