ನಾರ್ಮಲ್ ಯಾರದು?

ಬೊಜ್ಜು, ಸಕ್ಕರೆ ಕಾಯಿಲೆಗಳು ವಂಶದಲ್ಲಿ ಹೇಗೆ ಇಳಿದು ಬರುತ್ತವೆಂದು ಹುಡುಕುವುದರಲ್ಲೇ ಆ ವಿಜ್ಞಾನಿಯ ತಲೆ ನರೆತಿತ್ತು. ರೋಗಿಗಳ ರಕ್ತವನ್ನು ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ರಕ್ತ ಬೇಕಲ್ಲ? ಕಡ್ಡಿಯಂತಿದ್ದ ಆಕೆ ಶುರುವಿನಲ್ಲೇ ತೋಳು ಚಾಚಿ ತನ್ನದನ್ನೇ ಕೊಟ್ಟು, ಟ್ಯೂಬಿನ ಮೇಲೆ 'ನಾರ್ಮಲ್' ಎಂದು ಬರೆದಿದ್ದಳು. ದಪ್ಪಗಿದ್ದ ಅಕ್ಕನಿಗೆ, "ನೀನು ಬಾಯಿ ಕಟ್ಟು, ಎಲ್ಲ ಸರಿಹೋಗುತ್ತೆ" ಎಂದು ಬುದ್ಧಿ ಹೇಳಿದ್ದೂ ಅದೇ ಜಂಬದಲ್ಲೇ.

ಇವತ್ತು ವಂಶವಾಹಿಗಳನ್ನು ಓದುವ ಹೊಸ ಯಂತ್ರ ಸರಿಯಿದೆಯೇ ನೋಡಲು ವಿದ್ಯಾರ್ಥಿನಿ ಆ ನಾರ್ಮಲ್ಲನ್ನೇ ಹಾಕಿದಳು. ವಿಜ್ಞಾನಿ ಪರದೆಯತ್ತ ಬಗ್ಗಿ ನೋಡಿದಳು. ತಾಯಿಯನ್ನು ಬಿಟ್ಟರೂ ಮಕ್ಕಳನ್ನು ಹಿಡಿಯಬಲ್ಲ ಸಕ್ಕರೆ ಕಾಯಿಲೆಯ ದೋಷ ಅಲ್ಲಿ ಕಣ್ಣಿಗೆ ರಾಚುವಂತೆ ಕೂತಿತ್ತು. ಅಳತೆಗೋಲೇ ಡೊಂಕಾದ ಮೇಲೆ ಇಷ್ಟು ವರ್ಷ ಅಳೆದದ್ದೆಲ್ಲ ನೀರಲ್ಲಿ ಹೋಮ. ಆದರೆ ಆ ಚಿಂತೆ ಹತ್ತಿರ ಸುಳಿಯುವ ಮೊದಲೇ ಮಗಳು ನೆನಪಾದಳು. ಈಚೆಗೆ ಮಗಳು ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಬಟ್ಟೆಯೆಲ್ಲ ಸಡಿಲವಾಗಿತ್ತು. "ಅದೇನು ಹೊಟ್ಟೆಯೋ, ಕೆರೆಯೋ?" ಎಂದು ಆಕೆ ಮೊನ್ನೆ ತಾನೇ ಮಗಳನ್ನು ಗೇಲಿ ಮಾಡಿದ್ದಳು.

ವಿದ್ಯಾರ್ಥಿನಿ ತಿರುಗಿ ನೋಡಿದಳು.

"ಈ ನಾರ್ಮಲ್ ಯಾರದು ಮೇಡಂ? ಪಾಪ, ಅವರಿಗೆ ಮಕ್ಕಳಿದ್ದಾರಾ?"