ಅತ್ತೆಯ ಉಣ್ಣೆ ಪ್ಯಾಂಟು

ಹಲ್ಲಿನ ಡಾಕ್ಟರು ಹಿಮದ ಬೆಟ್ಟದಲ್ಲಿ ಅಡ್ಡದಾರಿ ಹಿಡಿದು ತೊರೆ ದಾಟುವಾಗ ಜಾರಿ ಬಿದ್ದು ಸೊಂಟದವರೆಗೂ ತೊಯ್ದುಹೋದರು. ಆ ಅಡ್ಡದಾರಿ ತೋರಿಸಿದವರು ಅವರ ಅತ್ತೆ. ಹೆಂಡತಿ ನೆಗಡಿಯೆಂದು ಕೆಳಗೆ ಲಾಡ್ಜಿನಲ್ಲೇ ಉಳಿದಿದ್ದಳು.

ಹೇಗೋ ಇಬ್ಬರೂ ದಾರಿಬದಿಯ ಖಾಲಿ ಗುಡಿಸಲು ಸೇರಿದರು. ಅತ್ತೆ ಮಗಳಿಗೆ ಫೋನ್ ಮಾಡಿ ಜಾಗ ತಿಳಿಸಿದರು. ಡಾಕ್ಟರ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ದಿನವಿಡೀ ಊರವರ ಬಾಯಿಗೆ ಕೈ ಹಾಕುವವರಿಗೆ ತಮ್ಮ ಬಾಯಿಯನ್ನೇ ಹಿಡಿದಿಡಲಾಗಲಿಲ್ಲ.

“ಒದ್ದೆ ಜೀನ್ಸ್ ಬಿಚ್ಚಿ, ಅಳಿಯಂದ್ರೇ. ಮೈ ಬಿಸಿಯೆಲ್ಲಾ ಅದೇ ಹೀರ್ಕೊಳ್ತಿದೆ. ನಾನು ಎರಡು ಉಣ್ಣೆ ಪ್ಯಾಂಟ್ ಹಾಕಿದ್ದೀನಿ, ಒಂದು ಕೊಡ್ತೀನಿ.”

“ಪ-ಪರವಾಗಿಲ್ಲ ಅತ್ತೆ. ಮೈಮೇಲೇ ಒಣಗುತ್ತೆ.”

ಮದುವೆಯಾದಾಗಿನಿಂದ ಅಳಿಯನನ್ನು ಬಹುವಚನದಲ್ಲೇ ಹೊತ್ತು ಮೆರೆಸಿದ್ದ ಅತ್ತೆಯ ತಾಳ್ಮೆ ಅಲ್ಲಿಗೆ ಮುಗಿಯಿತು. “ನೀನೇನು ಬಟ್ಟೆ ಒಣಹಾಕೋ ಹಗ್ಗಾನಾ? ಬಿಚ್ಚೋ! ನಿನ್ನ ಮಾನ ನೋಡೋಕೆ ನನಗೇನೂ ಆಸೆಯಿಲ್ಲ, ಗೋಡೆ ಕಡೆ ತಿರುಗಿರ್ತೀನಿ.”

ಡಾಕ್ಟರು ತೆಪ್ಪಗೆ ಬಿಚ್ಚಿದರು. ಅತ್ತೆ ಕಳಚಿಕೊಟ್ಟ, ಮೊಣಕಾಲಿನ ಮೇಲೆ ಬಾತುಕೋಳಿ ಚಿತ್ರದ ತೇಪೆ ಹಾಕಿದ್ದ ಗುಲಾಬಿ ಪ್ಯಾಂಟಿನೊಳಗೆ ಕಾಲು ತೂರಿಸಿದಾಗ ಹೋದ ಜೀವ ಬಂದಂತಾಯಿತು. ಇಬ್ಬರೂ ಒಂದೇ ಶಾಲು ಹೊದ್ದು, ಬೆನ್ನಿಗೆ ಬೆನ್ನು ಒತ್ತಿ, ಬ್ಯಾಗುಗಳ ಮೇಲೆ ಕೂತರು. ನಡುಕ ಮೆಲ್ಲನೆ ಇಳಿಯಿತು. ಅಡ್ಡದಾರಿ ಹಿಡಿದದ್ದು ತಮ್ಮದೇ ತಪ್ಪೆಂದು ಅತ್ತೆ ಗೊಣಗಿದರು. ಅಳಿಯ ಸೌಜನ್ಯಕ್ಕೂ ಅಲ್ಲವೆನ್ನಲಿಲ್ಲ.

ಕತ್ತಲಾಗುವ ಮೊದಲೇ ಹೆಂಡತಿ ಟೀ ಫ್ಲಾಸ್ಕ್ ಹಿಡಿದು ಲಾಡ್ಜಿನವರೊಂದಿಗೆ ಬಂದಳು. ಗಂಡನ ಕಾಲು ನೋಡಿ ಕಿಸಕ್ಕನೆ ನಕ್ಕಳು.

“ಮೊದಲು ಟೀ ಕೊಡೇ,” ಎಂದರು ಡಾಕ್ಟರು. “ನಗೋದಿದ್ರೆ ಲಾಡ್ಜಿಗೆ ಹೋಗಿ ನಗು. ಅಲ್ಲೀವರೆಗೂ ಈ ಪ್ಯಾಂಟ್ ಅಂತೂ ಬಿಚ್ಚಲ್ಲ.”